ಜೂಮ್ ಲಿಂಕ್ ಕೊಟ್ಟರೆ ಹೈಬ್ರಿಡ್ ಸಮ್ಮೇಳನ ಆಗುತ್ತದೆಯೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಅಧ್ಯಾಪಕಿ. ಪಕ್ಕದ ಪದವಿ ಕಾಲೇಜಿನ ಕನ್ನಡ ವಿಭಾಗದ ಜೊತೆ ಸೇರಿ, ಕಂಪ್ಯೂಟರ್ ತಾನೇ ಬರೆಯುವ ಭಾಷೆಯ ಬಗ್ಗೆ ಎರಡು ದಿನದ ಸಮ್ಮೇಳನ ಮಾಡಬೇಕೆಂದಿದ್ದೇವೆ. ನಮ್ಮ ಸಭಾಂಗಣದಲ್ಲಿ 150 ಜನ ಕೂರಬಹುದು. ಅಮೆರಿಕ, ಯುರೋಪಿನಲ್ಲಿರುವ ಕೆಲವು ಕನ್ನಡಿಗ ಸಂಶೋಧಕರು ಆನ್‌ಲೈನ್‌ನಲ್ಲಿ ಬರಲು ಒಪ್ಪಿದ್ದಾರೆ. ಆದರೆ ಆಡಳಿತ ಮಂಡಳಿಯವರು "ಒಂದು ಜೂಮ್ ಲಿಂಕ್ ಕೊಟ್ರೆ ಆಯ್ತಲ್ಲ, ಅದಕ್ಯಾಕೆ ಬೇರೆ ಬಜೆಟ್?" ಅನ್ನುತ್ತಿದ್ದಾರೆ. ನಿಜಕ್ಕೂ ಅಷ್ಟು ಸುಲಭವೇ? ಇನ್ನೊಂದು ಭಯವೂ ಇದೆ. ಚಾಟ್‌ಜಿಪಿಟಿಯಲ್ಲಿ ಬರೆಸಿದ ಪ್ರಬಂಧಗಳೇ ಬಂದು ಬಿದ್ದರೆ ಏನು ಮಾಡುವುದು?

ಉತ್ತರ: ಅಷ್ಟು ಸುಲಭವಲ್ಲ. ಹಾಗಂತ ಆಡಳಿತ ಮಂಡಳಿ ಹೆದರುವಷ್ಟು ದುಬಾರಿಯೂ ಅಲ್ಲ. ದುಡ್ಡು ಹೋಗುವುದು ಹೆಚ್ಚಾಗಿ ಸೌಂಡ್‌ಗೆ. ಅದಕ್ಕಿಂತ ಹೆಚ್ಚು ಖರ್ಚಾಗುವುದು ನಿಮ್ಮ ಯೋಚನೆ ಮತ್ತು ನಾಲ್ಕೈದು ವಿದ್ಯಾರ್ಥಿಗಳ ಶ್ರಮ.

ಈ ವಿಷಯಕ್ಕೇ ಮೀಸಲಾದ ಅಂತಾರಾಷ್ಟ್ರೀಯ ಸಮ್ಮೇಳನವೊಂದಿದೆ, ಐಎನ್‌ಎಲ್‌ಜಿ ಅಂತ. ಕಂಪ್ಯೂಟೇಷನಲ್ ಲಿಂಗ್ವಿಸ್ಟಿಕ್ಸ್ ಸಂಘವಾದ ಎಸಿಎಲ್‌ನ ಕೆಳಗೆ ಸಿಗ್‌ಜೆನ್ ಎಂಬ ಬಳಗವಿದೆ, ಅವರು ನಡೆಸುವುದು. ಇದರ ಇತ್ತೀಚಿನ ಇತಿಹಾಸ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. 2020ರಲ್ಲಿ ಡಬ್ಲಿನ್‌ನಲ್ಲಿ ನಡೆಯಬೇಕಾಗಿದ್ದದ್ದು ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನ್ ಆಯಿತು. 2021ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಹೈಬ್ರಿಡ್ ಆಗಿ, ಅಂದರೆ ಸಭಾಂಗಣದಲ್ಲೂ ಆನ್‌ಲೈನ್‌ನಲ್ಲೂ ಒಟ್ಟಿಗೆ, ನಡೆಯಿತು. 2022ರ ಜುಲೈನಲ್ಲಿ ಅಮೆರಿಕದ ಮೇನ್ ರಾಜ್ಯದ ವಾಟರ್‌ವಿಲ್ ಎಂಬ ಸಣ್ಣ ಊರಿನ ಕಾಲ್ಬಿ ಕಾಲೇಜಿನಲ್ಲಿ, ಮತ್ತೆ ಹೈಬ್ರಿಡ್ ಆಗಿಯೇ, ನಡೆಯಿತು. ಕಾಲ್ಬಿ ಪದವಿ ವಿದ್ಯಾರ್ಥಿಗಳ ಕಾಲೇಜು, ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವಲ್ಲ. ಅಂಥ ಕಡೆಯೂ ಆಗುತ್ತದೆ ಎಂದಾದರೆ ನಿಮ್ಮಲ್ಲೂ ಆಗುತ್ತದೆ. ಆ ವರ್ಷ ಭಾರತದಲ್ಲಿ ಅಮೆರಿಕದ ಸಂದರ್ಶಕ ವೀಸಾಗೆ ತಿಂಗಳುಗಟ್ಟಲೆ, ಕೆಲವು ನಗರಗಳಲ್ಲಿ ವರ್ಷಕ್ಕೂ ಮಿಕ್ಕಿ ಸರದಿಯಿತ್ತು. ಬೆಂಗಳೂರಿನ ಪಿಎಚ್‌ಡಿ ವಿದ್ಯಾರ್ಥಿಗೆ ಹೈಬ್ರಿಡ್ ಅನ್ನುವುದು ಅನುಕೂಲದ ಮಾತಾಗಿರಲಿಲ್ಲ, ಇದ್ದ ಒಂದೇ ದಾರಿಯಾಗಿತ್ತು.

ಸಭಾಂಗಣದ ಹಿಂದೆ ಕ್ಯಾಮೆರಾ ನಿಲ್ಲಿಸಿ ಲಿಂಕ್ ಹಂಚಿದರೆ ಆಗುವುದು ಮದುವೆ ಮನೆಯ ಲೈವ್‌ಸ್ಟ್ರೀಮ್. ಮೊಮ್ಮಗಳ ಧಾರೆ ನೋಡಿ ಅಜ್ಜಿ ಸಂತೋಷಪಡುತ್ತಾರೆ, ಸರಿ, ಆದರೆ ಅಜ್ಜಿಯ ಜೊತೆ ಯಾರೂ ಮಾತಾಡುವುದಿಲ್ಲ. ಸಮ್ಮೇಳನಕ್ಕೆ ಬರುವವರು ಬರುವುದೇ ಮಾತಾಡುವುದಕ್ಕೆ. ಹಾಗಾಗಿ ಮೊದಲು ಒಂದು ತೀರ್ಮಾನ ಮಾಡಿ: ಯಾವ ಗೋಷ್ಠಿ ಎರಡೂ ಕಡೆಯವರಿಗೆ, ಯಾವುದು ಊರಿಗೆ ಬಂದವರಿಗೆ ಮಾತ್ರ, ಯಾವುದು ಆನ್‌ಲೈನ್‌ನವರಿಗೆ ಮಾತ್ರ. ಎಲ್ಲವನ್ನೂ ಹೈಬ್ರಿಡ್ ಮಾಡಲು ಹೊರಟವರು ಎರಡೂ ಕಡೆ ಸೋಲುವುದನ್ನೇ ನಾನು ಕಂಡಿದ್ದೇನೆ.

ಭಾಷಣಗಳು ಮತ್ತು ಅವುಗಳ ಮೇಲಿನ ಪ್ರಶ್ನೋತ್ತರ ಹೈಬ್ರಿಡ್ ಆಗಲಿ. ಪೋಸ್ಟರ್ ಗೋಷ್ಠಿಯನ್ನು ಹೈಬ್ರಿಡ್ ಮಾಡಲು ಹೋಗಬೇಡಿ. ಪೋಸ್ಟರ್ ಮುಂದೆ ನಿಂತ ವಿದ್ಯಾರ್ಥಿ ಒಂದು ಕೈಯಲ್ಲಿ ಫೋನ್ ಹಿಡಿದು ಆನ್‌ಲೈನ್‌ನವರಿಗೂ ಎದುರಿದ್ದವರಿಗೂ ಏಕಕಾಲಕ್ಕೆ ವಿವರಿಸುವ ದೃಶ್ಯ ಕಾಗದದ ಮೇಲೆ ಚೆನ್ನಾಗಿರುತ್ತದೆ, ಅಷ್ಟೇ. ಆನ್‌ಲೈನ್ ಪೋಸ್ಟರ್‌ಗಳಿಗೆ ಸಮ್ಮೇಳನದ ಹಿಂದಿನ ವಾರವೇ ಒಂದು ಸಂಜೆ ಬೇರೆಯಾಗಿ ಇಡಿ. ಸಭಾಂಗಣಕ್ಕೆ ಬರಲಿರುವವರೂ ಆ ಸಂಜೆ ಆನ್‌ಲೈನ್‌ನಲ್ಲಿ ಸೇರಲಿ. ಎಲ್ಲರೂ ಒಂದೇ ಕಿಟಕಿಯಲ್ಲಿ ಇದ್ದಾಗ ಯಾರೂ ಎರಡನೇ ದರ್ಜೆಯವರಾಗುವುದಿಲ್ಲ. ಗೋಷ್ಠಿಗಳು ಒಂದರ ಹಿಂದೆ ಒಂದು ಇರಲಿ, ಎರಡು ಕೋಣೆಗಳಲ್ಲಿ ಏಕಕಾಲಕ್ಕೆ ಬೇಡ. ಕೋಣೆ ಎರಡಾದರೆ ಸೌಂಡ್, ಕ್ಯಾಮೆರಾ, ಸ್ವಯಂಸೇವಕರು ಎಲ್ಲವೂ ಎರಡೆರಡಾಗುತ್ತವೆ.

ಉದ್ಘಾಟನೆಯ ಬಗ್ಗೆಯೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪ್ರಾರ್ಥನೆ, ದೀಪ, ಸ್ವಾಗತ, ಪರಿಚಯ, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷರ ನುಡಿ ಎಲ್ಲ ಸೇರಿ ಒಂದೂವರೆ ಗಂಟೆ ನಡೆಯುತ್ತದೆ. ಸಭಾಂಗಣದಲ್ಲಿ ಕೂತವರು ಪಕ್ಕದವರ ಜೊತೆ ಪಿಸುಗುಟ್ಟುತ್ತಾ ಕಳೆಯುತ್ತಾರೆ. ಪಿಟ್ಸ್‌ಬರ್ಗ್‌ನಲ್ಲಿ ನಡುರಾತ್ರಿ ಎದ್ದು ಕೂತವರು ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಾರೆ. ಕಾರ್ಯಕ್ರಮ ಬಿಡಲಾಗದಿದ್ದರೆ ಆನ್‌ಲೈನ್ ಪ್ರಸಾರವನ್ನು ಅದು ಮುಗಿದ ಮೇಲೆ ಶುರು ಮಾಡಿ, ಆಹ್ವಾನ ಪತ್ರಿಕೆಯಲ್ಲಿ ಆ ಸಮಯವನ್ನೇ ಹಾಕಿ.

ಸಮಯದ ಲೆಕ್ಕಕ್ಕೇ ಬರೋಣ. ನಿಮ್ಮ ಅತಿಥಿಗಳು ಮೂರು ಕಡೆ ಹಂಚಿಹೋಗಿದ್ದಾರೆ ಅಂದುಕೊಳ್ಳಿ: ಕ್ಯಾಲಿಫೋರ್ನಿಯಾ, ಅಮೆರಿಕದ ಪೂರ್ವ ಕರಾವಳಿ, ಯುರೋಪ್. ಮೂವರಿಗೂ ಹಿತವಾದ ಒಂದೇ ಹೊತ್ತು ಇಲ್ಲ, ಹುಡುಕಬೇಡಿ. ಬೇಸಿಗೆಯ ಗಡಿಯಾರದಲ್ಲಿ ನಮ್ಮ ಬೆಳಗಿನ 9 ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನ ರಾತ್ರಿ 8.30. ಊಟ ಮುಗಿಸಿ ಕೂರುವ ಹೊತ್ತು. ಆದ್ದರಿಂದ ಅಲ್ಲಿಯವರನ್ನು ಬೆಳಗಿನ ಮೊದಲ ಗೋಷ್ಠಿಗೆ ಹಾಕಿ. ನಮ್ಮ ಮಧ್ಯಾಹ್ನ 2 ಗಂಟೆಗೆ ಬ್ರಿಟನ್‌ನಲ್ಲಿ ಬೆಳಿಗ್ಗೆ 9.30, ಜರ್ಮನಿಯಲ್ಲಿ 10.30. ಯುರೋಪಿನವರು ಊಟದ ನಂತರದ ಗೋಷ್ಠಿಗೆ. ನ್ಯೂಯಾರ್ಕ್, ಬೋಸ್ಟನ್ ಕಡೆಯವರಿಗೆ ಬೆಳಗಿನ 9 ಗಂಟೆ ಅಂದರೆ ನಮಗೆ ಸಂಜೆ 6.30. ಅಷ್ಟು ಹೊತ್ತಿಗೆ ನಿಮ್ಮ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಕೊನೆಯ ಬಸ್ ಹಿಡಿಯಲು ಓಡಿರುತ್ತಾರೆ. ಒಂದು ಸಂಜೆ ಮಾತ್ರ ಇಂಥ ಗೋಷ್ಠಿ ಇಟ್ಟು, ಹಾಸ್ಟೆಲ್ ವಿದ್ಯಾರ್ಥಿಗಳು ಮತ್ತು ಊರಲ್ಲೇ ಉಳಿಯುವ ಅತಿಥಿಗಳಿಗೆ ಸೀಮಿತ ಮಾಡಿ.

ಕನ್ನಡದ ಸಮ್ಮೇಳನ ಅಂದ ಮೇಲೆ ರಾಜ್ಯೋತ್ಸವದ ವಾರದಲ್ಲೇ ಇಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ವಾರ ಬೇಡ. ಯುರೋಪ್ ಗಡಿಯಾರವನ್ನು ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ನವೆಂಬರ್ 1 ಯಾವಾಗಲೂ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಮೆರಿಕ ಗಡಿಯಾರ ಬದಲಿಸುವ ದಿನವೇ ಆಗಿರುತ್ತದೆ. 2026ರಲ್ಲಿ ಹಾಗೇ ಆಗುವುದು, ಅವತ್ತು ಭಾನುವಾರ. ಆ ವಾರ ಯಾರ ತಲೆಯಲ್ಲಿರುವ ಲೆಕ್ಕವೂ ನಂಬಿಕೆಗೆ ಅರ್ಹವಲ್ಲ, ನಿಮ್ಮ ಭಾಷಣಕಾರರು ಒಂದು ಗಂಟೆ ಮೊದಲೋ ತಡವಾಗಿಯೋ ಬರುತ್ತಾರೆ. ಯಾವ ದಿನಾಂಕ ಇಟ್ಟರೂ ಪ್ರತಿ ಭಾಷಣಕಾರರಿಗೆ ಅವರ ಊರಿನ ಸಮಯ ನಮೂದಿಸಿದ ಕ್ಯಾಲೆಂಡರ್ ಆಹ್ವಾನ ಕಳಿಸಿ. "ಭಾರತೀಯ ಕಾಲಮಾನ 2 ಗಂಟೆ" ಎಂದಷ್ಟೇ ಬರೆದ ಪಿಡಿಎಫ್ ಸಾಲದು.

ಇನ್ನು ಸೌಂಡ್. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ದನಿ ಕಡಿದರೆ ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಆದರೂ ಕಾಲೇಜುಗಳು ಮೊದಲು ಕೊಳ್ಳುವುದು ದೊಡ್ಡ ಕ್ಯಾಮೆರಾ. ಅದನ್ನು ಬಿಟ್ಟುಬಿಡಿ, ಸಾಧಾರಣ ವೆಬ್‌ಕ್ಯಾಮ್ ಸಾಕು. ಸ್ಲೈಡ್‌ಗಳನ್ನು ಹೇಗೂ ನೇರವಾಗಿ ಸ್ಕ್ರೀನ್ ಶೇರ್ ಮಾಡುತ್ತೀರಿ.

ನಿಮ್ಮೂರಿನ ಸೌಂಡ್‌ನವರು ಆರ್ಕೆಸ್ಟ್ರಾ, ನಾಟಕ, ಯಕ್ಷಗಾನ ಎಲ್ಲ ಮಾಡಿದವರಾಗಿರುತ್ತಾರೆ, ಕೆಲಸ ಗೊತ್ತಿರುತ್ತದೆ. ಆದರೆ ಹೈಬ್ರಿಡ್ ಸಭೆಗೆ ಬೇಕಾದ ಒಂದು ಜೋಡಣೆಯನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಸಭಾಂಗಣದ ಎಲ್ಲ ಮೈಕುಗಳ ದನಿ ಜೂಮ್ ಓಡುತ್ತಿರುವ ಲ್ಯಾಪ್‌ಟಾಪ್‌ಗೆ ಹೋಗಬೇಕು. ಆನ್‌ಲೈನ್‌ನವರ ದನಿ ಲ್ಯಾಪ್‌ಟಾಪ್‌ನಿಂದ ಸಭಾಂಗಣದ ಸ್ಪೀಕರ್‌ಗೆ ಬರಬೇಕು. ಆದರೆ ಆ ಆನ್‌ಲೈನ್ ದನಿ, ಎಲ್ಲ ಮೈಕುಗಳ ದನಿ ಕೂಡಿಸುವ ಮಿಕ್ಸರ್ ಮೂಲಕ ಮತ್ತೆ ಲ್ಯಾಪ್‌ಟಾಪ್‌ಗೆ ಹೋಗಬಾರದು. ಹೋದರೆ ಮಾತಾಡುತ್ತಿರುವವರಿಗೆ ತಮ್ಮದೇ ಮಾತು ಅರ್ಧ ಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ, ಎರಡು ವಾಕ್ಯ ಆಡುವಷ್ಟರಲ್ಲಿ ನಾಲಿಗೆ ತೊದಲುತ್ತದೆ. ಈ ಜೋಡಣೆಗೆ ಮಿಕ್ಸ್-ಮೈನಸ್ ಅನ್ನುತ್ತಾರೆ. ಆ ಹೆಸರು ಹೇಳಿದರೆ ಅರ್ಥವಾಗದಿರಬಹುದು. "ಆಕ್ಸ್ ಔಟ್‌ನಿಂದ ಲ್ಯಾಪ್‌ಟಾಪ್‌ಗೆ ಒಂದು ಲೈನ್ ಕೊಡಿ, ಆ ಲೈನಲ್ಲಿ ಲ್ಯಾಪ್‌ಟಾಪ್ ಚಾನಲ್ ಮಾತ್ರ ಸೊನ್ನೆ ಇರಲಿ" ಅನ್ನಿ, ತಕ್ಷಣ ಮಾಡಿಕೊಡುತ್ತಾರೆ. ನಡುವೆ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು, ಮಿಕ್ಸರಿನ ದನಿಯನ್ನು ಲ್ಯಾಪ್‌ಟಾಪ್‌ಗೆ ತಲುಪಿಸುವ ಸಣ್ಣ ಪೆಟ್ಟಿಗೆ ಅದು. ಅದು ಕಾಲೇಜಿನ ಸ್ವಂತದ್ದಾಗಿರಲಿ, ಮುಂದೆಯೂ ಬಳಕೆಗೆ ಬರುತ್ತದೆ. ಸಭಾಂಗಣದಲ್ಲಿ ಬೇರೆ ಯಾರೂ ಲ್ಯಾಪ್‌ಟಾಪ್‌ನಲ್ಲಿ ಅದೇ ಸಭೆಗೆ ಸೇರಿ ಸ್ಪೀಕರ್ ಆನ್ ಇಟ್ಟುಕೊಳ್ಳದಂತೆ ನೋಡಿಕೊಳ್ಳಿ. ಕೊಯ್ಯೆಂದು ಕಿವಿಗಡಚಿಕ್ಕುವ ಸದ್ದು ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ ಕೇಳುವವರ ಮೈಕ್ ಬಹಳ ಮುಖ್ಯ. ನಮ್ಮಲ್ಲಿ "ನನಗೆ ಮೈಕ್ ಬೇಡ, ದನಿ ದೊಡ್ಡದಿದೆ" ಎಂದು ಎದ್ದು ನಿಲ್ಲುವ ಹಿರಿಯರು ಪ್ರತಿ ಸಭೆಯಲ್ಲೂ ಇಬ್ಬರಾದರೂ ಇರುತ್ತಾರೆ. ಅವರ ದನಿ ಸಭಾಂಗಣಕ್ಕೆಲ್ಲ ಕೇಳಿಸುತ್ತದೆ, ಜೂಮ್‌ಗೆ ಒಂದಕ್ಷರವೂ ಹೋಗುವುದಿಲ್ಲ. ಎರಡು ಕಾರ್ಡ್‌ಲೆಸ್ ಮೈಕ್, ಅವನ್ನು ಹಿಡಿದು ಓಡಲು ಇಬ್ಬರು ವಿದ್ಯಾರ್ಥಿಗಳು, ಮೈಕ್ ಕೈಗೆ ಬರುವ ತನಕ ಪ್ರಶ್ನೆಯನ್ನು ತಡೆಯುವಷ್ಟು ಧೈರ್ಯವಿರುವ ಒಬ್ಬ ಗೋಷ್ಠಿ ಅಧ್ಯಕ್ಷರು ಬೇಕು. ಅಧ್ಯಕ್ಷರ ಜೊತೆ ಆನ್‌ಲೈನ್‌ನವರನ್ನು ನೋಡಿಕೊಳ್ಳಲು ಇನ್ನೊಬ್ಬರು ಇರಲಿ, ಅವರೂ ವೇದಿಕೆಯ ಮೇಲೇ ಕೂರಲಿ. ಪ್ರತಿ ಭಾಷಣದ ಮೇಲೂ ಮೊದಲ ಪ್ರಶ್ನೆ ಆನ್‌ಲೈನ್‌ನಿಂದ ಎಂಬ ನಿಯಮ ಮಾಡಿ. ಕೊನೆಗೆ ಇಟ್ಟರೆ ಹೊತ್ತು ಮೀರಿ ಅವರ ಸರದಿ ಬರುವುದೇ ಇಲ್ಲ.

ಇಂಟರ್‌ನೆಟ್ ವಿಷಯ ಸರಳ. ಜೂಮ್ ಹೇಳುವ ಪ್ರಕಾರ 1080ಪಿ ಗುಂಪು ವಿಡಿಯೋಗೆ 3.8 ಎಂಬಿಪಿಎಸ್ ಅಪ್‌ಲೋಡ್ ಸಾಕು. ವೇಗ ಎಲ್ಲರಲ್ಲೂ ಇದೆ, ತೊಂದರೆ ಇರುವುದು ಅದನ್ನು 150 ಜನರ ಫೋನ್‌ಗಳ ಜೊತೆ ಹಂಚಿಕೊಳ್ಳುವುದರಲ್ಲಿ. ಲ್ಯಾಪ್‌ಟಾಪ್‌ಗೆ ವೈಫೈ ಬೇಡ, ನೇರ ಕೇಬಲ್ ಎಳೆಸಿ. ಬೇರೆ ಕಂಪನಿಯ ಇನ್ನೊಂದು ಸಂಪರ್ಕ ಪಕ್ಕದಲ್ಲಿರಲಿ, ರೂಟರ್‌ಗೂ ಯುಪಿಎಸ್ ಇರಲಿ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಮಧ್ಯದ ಅರ್ಧ ನಿಮಿಷದಲ್ಲಿ ದೀಪ ಹೋದರೆ ನಗು ಬರುತ್ತದೆ, ರೂಟರ್ ಆರಿದರೆ ಹೊರಗಿನ ಅತಿಥಿಗಳನ್ನು ಮತ್ತೆ ಕೂಡಿಸಲು ಹತ್ತು ನಿಮಿಷ ಬೇಕು. ದೂರದ ಭಾಷಣಕಾರರೆಲ್ಲರಿಂದ ಮೊದಲೇ ಒಂದು ವಿಡಿಯೋ ತರಿಸಿಟ್ಟುಕೊಳ್ಳಿ. ಅದನ್ನು ಹಾಕುವುದು ಅವರ ಸಂಪರ್ಕ ಕಡಿದಾಗ ಮಾತ್ರ.

ಇಷ್ಟು ಯಾವ ವಿಷಯದ ಸಮ್ಮೇಳನಕ್ಕಾದರೂ ಬೇಕಾದದ್ದು. ನಿಮ್ಮ ವಿಷಯಕ್ಕೇ ಒಂದು ವಿಶೇಷ ಅನುಕೂಲವಿದೆ, ಅದನ್ನು ಬಳಸಿಕೊಳ್ಳದಿದ್ದರೆ ನಷ್ಟ.

ಕಂಪ್ಯೂಟರ್ ಬರೆದದ್ದನ್ನು ಓದಿ ತೂಗುವವರು ಕೊನೆಗೂ ಮನುಷ್ಯರೇ. ಈ ಕ್ಷೇತ್ರದ ಹಳೆಯ ಕೆಲಸಗಳನ್ನು ನೋಡಿ. ಕೆನಡಾದ ಹವಾಮಾನ ಇಲಾಖೆ 1990ರ ದಶಕದಲ್ಲೇ ಫಾಗ್ ಎಂಬ ವ್ಯವಸ್ಥೆಯಿಂದ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಮುನ್ಸೂಚನೆ ಬರೆಸುತ್ತಿತ್ತು. ಅಬರ್ಡೀನ್ ಉತ್ತರ ಸಮುದ್ರದ ತೈಲದ ಊರು. ಅಲ್ಲಿನ ವಿಶ್ವವಿದ್ಯಾಲಯದ ಎಹುದ್ ರೈಟರ್ ಮತ್ತು ಸಂಗಡಿಗರು ಕಡಲ ನಡುವಿನ ತೈಲ ಬಾವಿಗಳಲ್ಲಿ ಕೆಲಸ ಮಾಡುವವರಿಗಾಗಿ ಹವಾಮಾನ ವರದಿ ಬರೆಯುವ ಸಮ್‌ಟೈಮ್ ವ್ಯವಸ್ಥೆ ಕಟ್ಟಿದರು. 2005ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ಕೆಲವು ಸಂದರ್ಭಗಳಲ್ಲಿ ಓದುಗರಿಗೆ ತಜ್ಞರ ವರದಿಗಿಂತ ಕಂಪ್ಯೂಟರಿನ ವರದಿಯೇ ಹಿಡಿಸಿತು. ಯಂತ್ರ ಒಂದು ಪದವನ್ನು ಪ್ರತಿ ಸಲವೂ ಒಂದೇ ಅರ್ಥದಲ್ಲಿ ಬಳಸುತ್ತದೆ, ತಜ್ಞರು ಒಬ್ಬೊಬ್ಬರು ಒಂದೊಂದು ರೀತಿ ಬಳಸುತ್ತಾರೆ. ಅದೇ ಅಬರ್ಡೀನ್‌ನವರು ಎಡಿನ್‌ಬರೊದವರ ಜೊತೆ ಸೇರಿ ಬೇಬಿಟಾಕ್ ಮಾಡಿದರು: ನವಜಾತ ಶಿಶುಗಳ ತೀವ್ರ ನಿಗಾ ಘಟಕದ 45 ನಿಮಿಷದ ದತ್ತಾಂಶವನ್ನು ವೈದ್ಯರು, ದಾದಿಯರು ಓದುವ ವರದಿಯಾಗಿ ಬರೆಯುವ ಕೆಲಸ. ಅಲ್ಲಿ ಮಾತ್ರ ಮನುಷ್ಯರು ಬರೆದದ್ದೇ ಗೆದ್ದಿತು, ಯಂತ್ರದ ವರದಿ ಅದೇ ದತ್ತಾಂಶವನ್ನು ತೋರಿಸುವ ಗ್ರಾಫ್‌ಗೆ ಸಮ ನಿಂತಿತು. ಎರಡೂ ಕಡೆ ತೀರ್ಪು ಬಂದದ್ದು ಓದುವವರ ಕೈಯಿಂದ.

ಓದುಗರಿಂದ ಓದಿಸಿ ತೀರ್ಪು ಪಡೆಯುವ ಈ ಕೆಲಸಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಇರಬೇಕಿಲ್ಲ. ಹಾಗಾಗಿ ನನ್ನ ಸಲಹೆ: ಬರೀ ಪ್ರಬಂಧ ಮಂಡನೆಯ ಸಮ್ಮೇಳನ ಮಾಡಬೇಡಿ. ಒಂದು ಸಾಮೂಹಿಕ ಪಂಥ ಇಡಿ. ಎಲ್ಲರಿಗೂ ಒಂದೇ ದತ್ತಾಂಶ, ಒಂದೇ ಕೆಲಸ. ಈ ಕ್ಷೇತ್ರದವರು ಇದನ್ನು ಶೇರ್ಡ್ ಟಾಸ್ಕ್ ಅನ್ನುತ್ತಾರೆ.

ಅಬರ್ಡೀನ್‌ನ 2021ರ ಸಮ್ಮೇಳನದಲ್ಲಿ ಇಂಥದ್ದೊಂದು ಇತ್ತು. ಯಂತ್ರಗಳು ಬರೆದ ಬಾಸ್ಕೆಟ್‌ಬಾಲ್ ಪಂದ್ಯದ ವರದಿಗಳಲ್ಲಿ ತಪ್ಪು ಎಲ್ಲೆಲ್ಲಿದೆ ಎಂದು ಗುರುತಿಸುವ ಪಂಥ. ಒಂದರಿಂದ ಐದರವರೆಗೆ ಅಂಕ ಕೊಡಿ ಅಂತಲ್ಲ, ವಾಕ್ಯದಲ್ಲಿ ಇಂಥ ಪದ ತಪ್ಪು ಎಂದು ಗೆರೆ ಎಳೆಯುವುದು. ತಪ್ಪಿಗೂ ಬಗೆಗಳಿದ್ದವು: ಸಂಖ್ಯೆ ತಪ್ಪು, ಹೆಸರು ತಪ್ಪು, ಪದ ತಪ್ಪು, ಸಂದರ್ಭ ತಪ್ಪು, ಪರಿಶೀಲಿಸಲಾಗದ್ದು, ಇತರೆ.

ನಮಗೆ ಬಾಸ್ಕೆಟ್‌ಬಾಲ್ ಯಾಕೆ, ಮಳೆ ಇದೆಯಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಮಾಪಕಗಳ ಜಾಲದಿಂದ ಹೋಬಳಿ, ಪಂಚಾಯಿತಿ ಮಟ್ಟದ ಅಂಕಿ ಸಂಗ್ರಹಿಸುತ್ತದೆ. ಅವರಿಗೆ ಪತ್ರ ಬರೆದು ಹಳೆಯ ಒಂದು ಮಳೆಗಾಲದ ಕೋಷ್ಟಕ ಕೇಳಿ. ಪಂಥ ಹೇಗಿರುತ್ತದೆ ಎಂದು ತೋರಿಸಲು ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಕೋಷ್ಟಕದಲ್ಲಿ ಮೂರೇ ಸಾಲು: ಆಗುಂಬೆ 112 ಮಿ.ಮೀ., ಹುಲಿಕಲ್ 96, ತೀರ್ಥಹಳ್ಳಿ 58. ಯಂತ್ರ ಹೀಗೆ ಬರೆಯುತ್ತದೆ ಅಂದುಕೊಳ್ಳಿ:

"ಶಿವಮೊಗ್ಗ ಜಿಲ್ಲೆಯ ಹುಲಿಕಲ್‌ನಲ್ಲಿ ಅತಿ ಹೆಚ್ಚು, ಅಂದರೆ 112 ಮಿ.ಮೀ. ಮಳೆಯಾಗಿದೆ. ತೀರ್ಥಹಳ್ಳಿಯಲ್ಲೂ ಭಾರೀ ಮಳೆ ಸುರಿದಿದ್ದು, ನಿನ್ನೆಗಿಂತ ಅಬ್ಬರ ಹೆಚ್ಚಾಗಿದೆ."

ವ್ಯಾಕರಣ ನೆಟ್ಟಗಿದೆ, ಪತ್ರಿಕೆಯಲ್ಲಿ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮೂರು ತಪ್ಪಿದೆ. 112 ಆಗುಂಬೆಯದ್ದು, ಅದು ಹೆಸರಿನ ತಪ್ಪು. ಭಾರತೀಯ ಹವಾಮಾನ ಇಲಾಖೆಯ ಅಳತೆಯಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಮಾತ್ರ ಭಾರೀ ಮಳೆ, 58 ಇನ್ನೂ ಸಾಧಾರಣದಲ್ಲೇ ಇದೆ. ಅದು ಪದದ ತಪ್ಪು. ನಿನ್ನೆಯ ಅಂಕಿ ಕೋಷ್ಟಕದಲ್ಲೇ ಇಲ್ಲ, ಹಾಗಾಗಿ ಕೊನೆಯ ಮಾತನ್ನು ಪರಿಶೀಲಿಸಲು ಬರುವುದಿಲ್ಲ. 2002ರಲ್ಲಿ ಬಂದ ಬ್ಲೂ ಎಂಬ ಅಳತೆಗೋಲು ಯಂತ್ರದ ವಾಕ್ಯವನ್ನು ಮಾದರಿ ವಾಕ್ಯದ ಜೊತೆ ಪದಕ್ಕೆ ಪದ ಹೋಲಿಸಿ ಅಂಕ ಕೊಡುತ್ತದೆ. ಮೇಲಿನ ವರದಿಗೆ ಅದು ಒಳ್ಳೆಯ ಅಂಕವನ್ನೇ ಕೊಟ್ಟುಬಿಡಬಹುದು, ಊರಿನ ಹೆಸರೊಂದು ಬದಲಾದರೆ ಅದರ ಲೆಕ್ಕದಲ್ಲಿ ಹೋಗುವುದು ಒಂದೇ ಪದ. ಹೊಳೆಯ ದಡದ ತೋಟದವರಿಗೆ ಹಾಗಲ್ಲ.

ಇಂಥ ತಪ್ಪು ಹಿಡಿಯಲು ಕೋಡಿಂಗ್ ಬರಬೇಕಿಲ್ಲ. ಇಲ್ಲೇ ಕನ್ನಡ ವಿಭಾಗದವರ ನಿಜವಾದ ಕೆಲಸ ಶುರುವಾಗುವುದು. ದಯವಿಟ್ಟು ಅವರನ್ನು ನಿರೂಪಣೆ, ವಂದನಾರ್ಪಣೆಗೆ ಸೀಮಿತ ಮಾಡಬೇಡಿ. ಸಮ್ಮೇಳನಕ್ಕೆ ಮೂರು ವಾರ ಮೊದಲು ಯಂತ್ರದ ವರದಿಗಳನ್ನು ಆನ್‌ಲೈನ್‌ನಲ್ಲಿ ಹಾಕಿ. ಒಂದೊಂದು ವರದಿಯನ್ನೂ ಮೂವರು ಬೇರೆಬೇರೆಯಾಗಿ ಗುರುತು ಮಾಡಲಿ, ಯಾವ ವ್ಯವಸ್ಥೆ ಬರೆದದ್ದೆಂದು ಅವರಿಗೆ ಗೊತ್ತಾಗದಿರಲಿ. ನಿಮ್ಮ ಎಂ.ಎ. ವಿದ್ಯಾರ್ಥಿ, ತೀರ್ಥಹಳ್ಳಿಯ ಕೃಷಿಕ, ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಕನ್ನಡಿಗ ಎಂಜಿನಿಯರ್, ಮೂವರೂ ಒಂದೇ ವರದಿ ಓದಬಹುದು. ಸಮ್ಮೇಳನದ ದಿನ ಅವರ ಗುರುತುಗಳು ಎಲ್ಲಿ ಕೂಡಲಿಲ್ಲವೋ ಅಂಥ ವಾಕ್ಯಗಳನ್ನು ಪರದೆಯ ಮೇಲೆ ಹಾಕಿ ಚರ್ಚೆಗೆ ಬಿಡಿ. "ಅಬ್ಬರ ಹೆಚ್ಚಾಗಿದೆ" ಎನ್ನುವುದು ತಪ್ಪೋ, ಪತ್ರಿಕೆಯವರ ರೂಢಿಯೋ? ಈ ಚರ್ಚೆಯಲ್ಲಿ ಆನ್‌ಲೈನ್‌ನವರು ಪ್ರೇಕ್ಷಕರಾಗಿ ಉಳಿಯುವುದಿಲ್ಲ, ತಾವೇ ಹಾಕಿದ ಗೆರೆಯನ್ನು ಸಮರ್ಥಿಸಿಕೊಳ್ಳಲು ಬಂದಿರುತ್ತಾರೆ.

ಒಂದು ಎಚ್ಚರಿಕೆ. ಓದುವವರಿಗೆ ಏನನ್ನು ನೋಡಬೇಕೆಂದು ಬರೆದು ಕೊಡಿ, ಉದಾಹರಣೆ ಸಮೇತ. 2020ರ ಐಎನ್‌ಎಲ್‌ಜಿಯಲ್ಲಿ ಒಂದು ಸಮೀಕ್ಷೆ ಬಂತು, ಇಪ್ಪತ್ತು ವರ್ಷಗಳ 165 ಪ್ರಬಂಧಗಳನ್ನು ಜಾಲಾಡಿದ್ದು. ಮನುಷ್ಯರಿಂದ ಮೌಲ್ಯಮಾಪನ ಮಾಡಿಸುವಾಗ ಗುಣಮಟ್ಟಕ್ಕೆ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಬೇರೆಬೇರೆ ಹೆಸರು ಬಳಸಿದ್ದರು. ಒಂದೇ ಹೆಸರಿನಡಿ ಬೇರೆಬೇರೆ ಅರ್ಥ, ಒಂದೇ ಅರ್ಥಕ್ಕೆ ಬೇರೆಬೇರೆ ಹೆಸರು. "ಕನ್ನಡ ಚೆನ್ನಾಗಿದೆಯೇ?" ಎಂದಷ್ಟೇ ಕೇಳಿದರೆ ನೀವೂ ಆ ಗೊಂದಲಕ್ಕೆ ಇನ್ನೊಂದು ಹೆಸರು ಸೇರಿಸಿದಂತೆ.

ಕನ್ನಡದಲ್ಲಿ ದತ್ತಾಂಶವೇ ಇಲ್ಲ ಎಂದು ಯಾರಾದರೂ ಕೈಚೆಲ್ಲಿದರೆ ಐಐಟಿ ಮದ್ರಾಸಿನ ಎಐ4ಭಾರತ್ ಬಳಗದ ಇಂಡಿಕ್‌ಎನ್‌ಎಲ್‌ಜಿ ತೋರಿಸಿ. 2022ರಲ್ಲಿ ಬಂದದ್ದು, ಕನ್ನಡವೂ ಸೇರಿ 11 ಭಾಷೆಗಳಿಗೆ ಶೀರ್ಷಿಕೆ ಬರೆಯುವುದು, ವಿಕಿಪೀಡಿಯದ ಮಾಹಿತಿ ಪೆಟ್ಟಿಗೆಯಿಂದ ವ್ಯಕ್ತಿ ಪರಿಚಯ ಬರೆಯುವುದು ಇತ್ಯಾದಿ ಐದು ಬಗೆಯ ಕೆಲಸಗಳಿವೆ. ಕೊರತೆ ಇರುವುದೂ ನಿಜವೇ. ಬಿಬಿಸಿ ಸುದ್ದಿಗಳಿಂದ ಕಟ್ಟಿದ ಎಕ್ಸ್‌ಎಲ್-ಸಮ್ ಎಂಬ ಸಾರಾಂಶ ಸಂಗ್ರಹದಲ್ಲಿ ತಮಿಳು, ತೆಲುಗು, ಮರಾಠಿ ಇವೆ, ಕನ್ನಡ ಇಲ್ಲ. ಬಿಬಿಸಿಗೆ ಕನ್ನಡ ಸೇವೆಯೇ ಇಲ್ಲದ ಮೇಲೆ ಇನ್ನೆಲ್ಲಿಂದ ಬರಬೇಕು? ನೀವು ಗುರುತು ಮಾಡಿಸಿದ ಮಳೆ ವರದಿಗಳನ್ನು ಮುಕ್ತವಾಗಿ ಹಂಚಿದರೆ ಅದೇ ಒಂದು ಕೊಡುಗೆ.

ಪ್ರಾತ್ಯಕ್ಷಿಕೆಗಳ ಬಗ್ಗೆ ಚುಟುಕಾಗಿ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳು ಒಂದೇ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ ಕೊಡಬಹುದು. ವೇದಿಕೆಯ ಮೇಲೆ ಓಡಿಸಿದ್ದನ್ನು ದೂರದವರು ತಮ್ಮ ಮನೆಯಲ್ಲಿ ಓಡಿಸಿ ನೋಡಿದರೆ ಬೇರೆಯದೇ ಕಾಣಬಹುದು, ಚರ್ಚೆ ಹಳಿ ತಪ್ಪುತ್ತದೆ. ವೇದಿಕೆಯಲ್ಲಿ ಬಂದ ಉತ್ತರವನ್ನು ಹಾಗೇ ಚಾಟ್‌ಗೆ ಅಂಟಿಸುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ವಹಿಸಿ. ದೂರದ ಸರ್ವರ್ (ಕ್ಲೌಡ್) ನಂಬಿದ ಪ್ರಾತ್ಯಕ್ಷಿಕೆಗೆ ಹಿಂದಿನ ದಿನ ತೆಗೆದ ರೆಕಾರ್ಡಿಂಗ್ ಕಡ್ಡಾಯ.

ಈಗ ನಿಮ್ಮ ಭಯ. ಚಾಟ್‌ಜಿಪಿಟಿ ಪ್ರಬಂಧಗಳು ಬಂದೇ ಬರುತ್ತವೆ. ಮೊದಲಿಗೆ, ಇದು ಯಂತ್ರ ಬರೆದದ್ದು ಎಂದು ಹೇಳುವ ಪತ್ತೆಯಂತ್ರಗಳನ್ನು ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತಾನೇ ಬಿಟ್ಟಿದ್ದ ಪತ್ತೆಯಂತ್ರವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಯಂತ್ರಗಳಿಗೆ, ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಟೋಫೆಲ್ ಪರೀಕ್ಷೆಗೆ ಕೈಯಾರೆ ಬರೆದ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಸರಾಸರಿ 61 ಶೇಕಡಾ ಪ್ರಬಂಧಗಳನ್ನು ಯಂತ್ರ ಬರೆದದ್ದು ಎಂದವು. ನಮ್ಮ ವಿದ್ಯಾರ್ಥಿಗಳ ಇಂಗ್ಲಿಷ್ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಪ್ರಾಮಾಣಿಕವಾಗಿ ಬರೆದವನೇ ಮೊದಲು ಸಿಕ್ಕಿಬೀಳುತ್ತಾನೆ.

ದೊಡ್ಡ ಸಮ್ಮೇಳನಗಳು ಎರಡು ದಾರಿ ಹಿಡಿದವು. 2023ರಲ್ಲಿ ಯಂತ್ರ ಕಲಿಕೆಯ ಅಂತಾರಾಷ್ಟ್ರೀಯ ಸಮ್ಮೇಳನವಾದ ಐಸಿಎಂಎಲ್, ಭಾಷಾ ಮಾದರಿ ಬರೆದ ಪಠ್ಯವನ್ನು ಪ್ರಯೋಗದ ಭಾಗವಾಗಿ ಬಿಟ್ಟರೆ ಬೇರೆಡೆ ಬಳಸುವಂತಿಲ್ಲ ಎಂದಿತು. ಎಸಿಎಲ್, ಬಳಸಿ, ಆದರೆ ಎಲ್ಲಿ ಹೇಗೆ ಬಳಸಿದಿರಿ ಹೇಳಿ ಎಂದಿತು. ನೀವು ಎರಡನೆಯದನ್ನೇ ಆರಿಸಿಕೊಳ್ಳಿ. ಕಂಪ್ಯೂಟರ್ ಬರೆಯುವ ಭಾಷೆಯ ಸಮ್ಮೇಳನದಲ್ಲಿ ಕಂಪ್ಯೂಟರ್ ಮುಟ್ಟಬಾರದು ಎನ್ನುವ ಮಡಿ ನಡೆಯುವುದಿಲ್ಲ. ಆದರೆ ಯಂತ್ರ ಲೇಖಕನಾಗುವಂತಿಲ್ಲ, ತಪ್ಪಿಗೆ ಹೊಣೆ ಲೇಖಕರದ್ದೇ, ಇಲ್ಲದ ಉಲ್ಲೇಖ ಒಂದು ಸಿಕ್ಕರೂ ಪ್ರಬಂಧ ತಿರಸ್ಕೃತ. ಈ ಮೂರನ್ನು ಪ್ರಬಂಧ ಆಹ್ವಾನಿಸುವ ಕರೆಪತ್ರದಲ್ಲೇ ಹಾಕಿ. ಉಲ್ಲೇಖಗಳನ್ನು ಪರಿಶೀಲಿಸುವುದು ಸುಲಭ, ಬಿ.ಇ. ವಿದ್ಯಾರ್ಥಿಗಳು ಮಾಡಬಲ್ಲರು, ಹುಸಿ ಪ್ರಬಂಧ ಹಿಡಿಯಲು ಅದಕ್ಕಿಂತ ಒಳ್ಳೆಯ ಬಲೆ ನನಗೆ ಕಂಡಿಲ್ಲ. ಪ್ರತಿ ಲೇಖಕರೂ, ಸಭಾಂಗಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಐದು ನಿಮಿಷ ಪ್ರಶ್ನೆಗಳನ್ನು ಎದುರಿಸಬೇಕು ಎಂದೂ ಇರಲಿ. ವಿಮರ್ಶಕರಿಗೂ ಒಂದು ನಿಯಮ ಬೇಕು: ಪ್ರಕಟವಾಗದ ಪ್ರಬಂಧವನ್ನು ಚಾಟ್‌ಬಾಟ್‌ಗೆ ಹಾಕಿ ಅಭಿಪ್ರಾಯ ಬರೆಸುವಂತಿಲ್ಲ.

ನಿಜ ಹೇಳಬೇಕೆಂದರೆ ನನಗೆ ಚಾಟ್‌ಜಿಪಿಟಿಗಿಂತ ದೊಡ್ಡ ಭಯ ಓದದೆ ಒಪ್ಪಿಕೊಳ್ಳುವ ಸಮ್ಮೇಳನಗಳದ್ದು. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಸೈಜೆನ್ ಎಂಬ ಪ್ರೋಗ್ರಾಂ ಬರೆದರು. ಅರ್ಥವಿಲ್ಲದ ಕಂಪ್ಯೂಟರ್ ಸೈನ್ಸ್ ಪ್ರಬಂಧವನ್ನು ಗ್ರಾಫ್ ಸಮೇತ ಒಂದು ಕ್ಷಣದಲ್ಲಿ ತಯಾರಿಸುವ ತಮಾಷೆಯ ಯಂತ್ರ ಅದು. ಅದರ ಒಂದು ಪ್ರಬಂಧವನ್ನು ಸಮ್ಮೇಳನವೊಂದು ಒಪ್ಪಿಕೊಂಡೇಬಿಟ್ಟಿತು. 2014ರಲ್ಲಿ ಪ್ರಬಂಧ ಪ್ರಕಾಶಕರಾದ ಸ್ಪ್ರಿಂಗರ್ ಮತ್ತು ಐಇಇಇ ತಮ್ಮ ಸಂಗ್ರಹದಿಂದ ಇಂಥ 120ಕ್ಕೂ ಹೆಚ್ಚು ಪ್ರಬಂಧಗಳನ್ನು ಕಿತ್ತುಹಾಕಬೇಕಾಯಿತು. ಆಗಿನ್ನೂ ಚಾಟ್‌ಜಿಪಿಟಿ ಹುಟ್ಟಿರಲಿಲ್ಲ.

"ಸ್ಕೋಪಸ್ ಇಂಡೆಕ್ಸಿಂಗ್ ಗ್ಯಾರಂಟಿ, ಪ್ರಬಂಧಕ್ಕೆ ಇಷ್ಟು ಸಾವಿರ" ಎಂದು, ಅಂದರೆ ಸ್ಕೋಪಸ್ ಎಂಬ ಪ್ರಬಂಧ ಸೂಚಿಯಲ್ಲಿ ಸೇರಿಸುವ ಆಸೆ ತೋರಿಸಿ, ಮಿಂಚಂಚೆ ಕಳಿಸುವ ಮಧ್ಯವರ್ತಿಗಳು ನಿಮ್ಮ ಸಮ್ಮೇಳನದ ಸುಳಿವು ಸಿಕ್ಕ ಕೂಡಲೇ ಬರುತ್ತಾರೆ. ಬಾಗಿಲು ಹಾಕಿಕೊಳ್ಳಿ. ನಡಾವಳಿ, ಅಂದರೆ ಸಮ್ಮೇಳನದ ಪ್ರಬಂಧಗಳ ಸಂಪುಟ, ಪ್ರಕಟಿಸಲು ದುಡ್ಡು ಕೊಡಬೇಕಾಗಿಯೇ ಇಲ್ಲ. ಪ್ರಬಂಧ ಸ್ವೀಕರಿಸಲು ಮೈಕ್ರೋಸಾಫ್ಟ್‌ನ ಸಿಎಂಟಿ ಎಂಬ ಜಾಲತಾಣ ಉಚಿತ. ಇಂಗ್ಲಿಷ್ ಪ್ರಬಂಧಗಳಿಗೆ ಸಿಇಯುಆರ್ ಎಂಬ ಆನ್‌ಲೈನ್ ಕಾರ್ಯಾಗಾರ ಸರಣಿಯಲ್ಲಿ ಶುಲ್ಕವಿಲ್ಲ, ಗುಣಮಟ್ಟ ನೋಡಿ ತೆಗೆದುಕೊಳ್ಳುತ್ತಾರೆ. ಕನ್ನಡದ ಪ್ರಬಂಧಗಳನ್ನು ನೀವೇ ಪುಸ್ತಕ ಮಾಡಿ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಹಾಕಬೇಕು. ಪಿಡಿಎಫ್ ಮತ್ತು ಮಳೆ ವರದಿಗಳ ದತ್ತಾಂಶವನ್ನು ಝೆನೊಡೊ ಎಂಬ ಮುಕ್ತ ಸಂಗ್ರಹ ತಾಣಕ್ಕೆ ಏರಿಸಿದರೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆಯೂ ಬರುತ್ತದೆ. ಕನ್ನಡ ಪಠ್ಯವೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟ್‌ಗಳಲ್ಲಿ ಮುದ್ರಿಸಿದ ಪಿಡಿಎಫ್‌ನಲ್ಲಿ ಏನನ್ನೂ ಹುಡುಕಲಾಗದು, ಮುಂದಿನ ಸಂಶೋಧಕರ ಕೆಲಸಕ್ಕೂ ಬಾರದು.

ಕೊನೆಗೆ ಕಾಗದಪತ್ರ. ವಿದೇಶಿ ಪ್ರಜೆ ಯಾರಾದರೂ ಸ್ವತಃ ಬರುವುದಾದರೆ ಅವರಿಗೆ ಸಾಮಾನ್ಯವಾಗಿ ಕಾನ್ಫರೆನ್ಸ್ ವೀಸಾ ಬೇಕು, ಪ್ರವಾಸಿ ವೀಸಾದಲ್ಲಿ ಕರೆಸಬೇಡಿ. ಅದಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ ಅನುಮತಿಗಳಿಗೆ ತಿಂಗಳುಗಳೇ ಹಿಡಿಯಬಹುದು, ನಿಮ್ಮ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಆನ್‌ಲೈನ್‌ನವರಿಗೆ ಶುಲ್ಕ ಕಡಿಮೆ ಇಡಿ, ಪೂರ್ತಿ ಉಚಿತ ಬೇಡ. ಉಚಿತವಾಗಿ ನೋಂದಾಯಿಸಿದವರಲ್ಲಿ ಬಹುಪಾಲು ಜನ ಬರುವುದಿಲ್ಲ, ಮಳೆ ವರದಿಗೆ ಗೆರೆ ಎಳೆಯುವ ಕೆಲಸವನ್ನಂತೂ ಮುಟ್ಟುವುದಿಲ್ಲ. ಗೆರೆ ಎಳೆದು ಕೊಟ್ಟವರಿಗೆ ಮಾತ್ರ ಶುಲ್ಕ ಮನ್ನಾ ಮಾಡಿ.